15 ವರ್ಷದ ಮೇಲೆ ಮತ್ತೆ ಕಾಲೇಜು: ಕಮ್ಯುನಿಟಿ ಕಾಲೇಜಿಗೆ ಅರ್ಜಿ, ದಾಖಲೆ, ಓದಿನ ತಯಾರಿ ಹೇಗೆ?

ತೀರ್ಥಹಳ್ಳಿ ಹುಡುಗಿ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ):

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಕೇಳ್ಬೇಕು ಅಂತಿದ್ದೆ. ಇವತ್ತು ಮಗಳನ್ನ ಸ್ಕೂಲಿಗೆ ಬಿಟ್ಟು ಬಂದವಳೇ ಬರೆಯೋಕೆ ಕೂತೆ.

ನಾನು ಕುವೆಂಪು ವಿಶ್ವವಿದ್ಯಾಲಯದಲ್ಲಿ ಬಿ.ಕಾಂ. ಮಾಡಿದ್ದು, 2009ರಲ್ಲಿ ಮುಗೀತು. ಶಿವಮೊಗ್ಗದಲ್ಲಿ ಒಂದು ಸಹಕಾರಿ ಸೊಸೈಟಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದೆ. ಆಮೇಲೆ ಮದುವೆ, ಬೆಂಗಳೂರು, ಮಗು. ಅಮೆರಿಕಕ್ಕೆ ಬಂದು ಮೂರು ವರ್ಷ ಆಯ್ತು. ಎಚ್-4 ವೀಸಾ, ಅಂದ್ರೆ ಇಲ್ಲಿ ಕೆಲಸಕ್ಕೆ ಬಂದವರ ಹೆಂಡತಿ, ಮಕ್ಕಳಿಗೆ ಕೊಡೋದು. ಯಜಮಾನರ ಐ-140 (ಗ್ರೀನ್ ಕಾರ್ಡಿಗೆ ಕಂಪನಿ ಹಾಕೋ ಅರ್ಜಿ) ಅಪ್ರೂವ್ ಆಗಿರೋದ್ರಿಂದ ನನ್ನ ಇಎಡಿಗೂ, ಅಂದ್ರೆ ಕೆಲಸದ ಪರ್ಮಿಟ್ಟಿಗೂ, ಹಾಕಿದೀವಿ. ಅದು ಬರೋ ತನಕ ಸುಮ್ನೆ ಕೂರೋ ಬದಲು ಕಮ್ಯುನಿಟಿ ಕಾಲೇಜಿಗೆ (ಕಡಿಮೆ ಶುಲ್ಕದ, ಎರಡು ವರ್ಷದ ಸರ್ಕಾರಿ ಕಾಲೇಜು) ಸೇರಿ ಏನಾದ್ರೂ ಓದೋಣ ಅಂತ ಮನಸ್ಸು. ಪ್ರೀಸ್ಕೂಲ್ ಟೀಚರ್ ಆಗೋ ಆಸೆ ಇದೆ. ಅದಾಗದಿದ್ರೆ ಅಕೌಂಟಿಂಗ್.

ನನ್ನ ಭಯ ಇಷ್ಟೇ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಇಂಗ್ಲಿಷ್ ಮಾತಾಡ್ತೀನಿ, ಆದ್ರೆ ಎರಡು ಪುಟ ಬರೀ ಅಂದ್ರೆ ಕೈ ನಡುಗುತ್ತೆ. ಎಂಟ್ರೆನ್ಸ್ ಪರೀಕ್ಷೆ ಇರುತ್ತಾ? ಮಾರ್ಕ್ಸ್ ಕಾರ್ಡೆಲ್ಲ ತರಿಸ್ಬೇಕಾ? ಇನ್ನೊಂದು ವಿಷಯ: ಮಾರ್ಕ್ಸ್ ಕಾರ್ಡಲ್ಲಿ ನನ್ನ ಹೆಸರಿನ ಜೊತೆ ಎರಡು ಇನಿಷಿಯಲ್, ಪಾಸ್‌ಪೋರ್ಟಲ್ಲಿ ಯಜಮಾನರ ಹೆಸರು. ಇದರಿಂದ ತೊಂದರೆ ಆಗುತ್ತಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಸನಿವೇಲ್ ಅಕ್ಕ:

ತಂಗಿ, ಮೊದಲು ಧೈರ್ಯ ತಗೋ. ಎಂಟ್ರೆನ್ಸ್ ಪರೀಕ್ಷೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. 18 ತುಂಬಿದವರು, ಇಲ್ಲಾ ಹೈಸ್ಕೂಲ್ ಮುಗಿಸಿದವರು ಯಾರು ಬಂದ್ರೂ ಸೇರಿಸ್ಕೊಳ್ತಾರೆ. ಸಿಇಟಿ ರ‍್ಯಾಂಕು, ಕಟಾಫು ಇಲ್ಲಿ ಯಾವುದೂ ಇಲ್ಲ. ನರ್ಸಿಂಗ್‌ನಂಥ ಕೆಲವಕ್ಕೆ ಮಾತ್ರ ಬೇರೆ ಆಯ್ಕೆ ಇರುತ್ತೆ.

ಅರ್ಜಿ ಹಾಕೋದು ಸಿಸಿಸಿ ಅಪ್ಲೈ ಅನ್ನೋ ಸೈಟಲ್ಲಿ. ಒಂದು ಪೈಸೆ ಖರ್ಚಿಲ್ಲ. ಯಾರಾದ್ರೂ ಅರ್ಜಿ ಶುಲ್ಕ ಕೇಳಿದ್ರೆ ಅದು ಸರಿಯಾದ ಸೈಟ್ ಅಲ್ಲ ಅಂತ ತಿಳ್ಕೋ. ಸೋಷಿಯಲ್ ಸೆಕ್ಯುರಿಟಿ ನಂಬರ್ ಕೇಳೋ ಕಡೆ "ನನ್ನ ಹತ್ರ ಇಲ್ಲ" ಅಂತ ಟಿಕ್ ಮಾಡೋ ಚೌಕ ಇರುತ್ತೆ. ಎಚ್-4ನವರಿಗೆ ಅಷ್ಟು ಸಾಕು. ಹೆಸರು ಪಾಸ್‌ಪೋರ್ಟಲ್ಲಿ ಇರೋ ಹಾಗೇ ಹಾಕು, ಹಳೇ ಹೆಸರಿನ ಕಾಲಂ ಇದ್ರೆ ಅಲ್ಲಿ ಮಾರ್ಕ್ಸ್ ಕಾರ್ಡಿನ ಹೆಸರು ಬರಿ. ಮದುವೆ ಸರ್ಟಿಫಿಕೇಟ್ ಒಂದು ಪ್ರತಿ ಕೈಲಿರಲಿ.

ನಿಧಾನವಾಗಿ ಓದಿ ತುಂಬಬೇಕಾದ್ದು ರೆಸಿಡೆನ್ಸಿ ಪ್ರಶ್ನೆಗಳು, ಅಂದ್ರೆ ನೀನು ಈ ರಾಜ್ಯದ ನಿವಾಸಿ ಹೌದೋ ಅಲ್ಲವೋ ಅಂತ ಕೇಳೋವು. ನಾನು ಎಡವಿದ್ದು ಅಲ್ಲೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ. ಟರ್ಮ್ ಶುರುವಾಗೋ ಮುಂಚೆ ಕನಿಷ್ಠ ಒಂದು ವರ್ಷ ಒಂದು ದಿನ ನೀನು ಕ್ಯಾಲಿಫೋರ್ನಿಯಾದಲ್ಲಿ ಇದ್ದಿರಬೇಕು, ಇಲ್ಲೇ ನೆಲೆ ನಿಲ್ಲೋ ಉದ್ದೇಶವೂ ಇರಬೇಕು. ಎಚ್-4ನವರಿಗೆ ಇದಕ್ಕೆ ಅವಕಾಶ ಇದೆ, ವಿಸಿಟರ್ ವೀಸಾ ಮತ್ತೆ ಎಫ್-1 (ವಿದ್ಯಾರ್ಥಿ ವೀಸಾ) ಇರೋರಿಗೆ ಇಲ್ಲ. ರೆಸಿಡೆಂಟ್ ಅಂತಾದ್ರೆ ಯೂನಿಟ್ಟಿಗೆ (ಕೋರ್ಸಿನ ಭಾರ ಅಳೆಯೋ ಲೆಕ್ಕ) 46 ಡಾಲರ್. 2012ರಿಂದ ಅದೇ ದರ. ಡಿ ಆಂಜಾ, ಫುಟ್‌ಹಿಲ್ ಥರ, ಸೆಮಿಸ್ಟರ್ ಬದಲು 12 ವಾರದ ಕ್ವಾರ್ಟರ್ ಲೆಕ್ಕದ ಕಾಲೇಜಲ್ಲಿ ಯೂನಿಟ್ಟಿಗೆ 31. ನಾನ್‌ರೆಸಿಡೆಂಟ್ ಅಂತಾದ್ರೆ ಪ್ರತಿ ಯೂನಿಟ್ಟಿಗೂ ಇನ್ನೂ ನೂರಾರು ಡಾಲರ್ ಸೇರುತ್ತೆ.

ನಾನು ಅರ್ಜಿ ಹಾಕಿದ ವರ್ಷ ಬೇಸಿಗೆಯಲ್ಲಿ ಎರಡು ತಿಂಗಳು ಹಾಸನಕ್ಕೆ ಹೋಗಿ ಬಂದಿದ್ದೆ. "ಕ್ಯಾಲಿಫೋರ್ನಿಯಾದಲ್ಲಿ ನಿರಂತರವಾಗಿ ಇದ್ದೀರಾ" ಅನ್ನೋ ಪ್ರಶ್ನೆಗೆ ಪ್ರಾಮಾಣಿಕವಾಗಿ "ಇಲ್ಲ" ಅಂತ ಒತ್ತಿಬಿಟ್ಟೆ. ನಾಲ್ಕು ದಿನಕ್ಕೆ ನಾನ್‌ರೆಸಿಡೆಂಟ್ ಅಂತ ಬಿಲ್ ಬಂತು. ರಜಕ್ಕೆ ಊರಿಗೆ ಹೋಗಿ ಬಂದರೆ ವಾಸ ಮುರಿದ ಹಾಗಲ್ಲ ಅಂತ ಆಮೇಲೆ ಅಡ್ಮಿಷನ್ಸ್ ಆಫೀಸಿನವರೇ ಹೇಳಿದ್ರು. ಬಾಡಿಗೆ ಕರಾರು, ಕರೆಂಟ್ ಬಿಲ್, ಡ್ರೈವಿಂಗ್ ಲೈಸೆನ್ಸ್, ಕ್ಯಾಲಿಫೋರ್ನಿಯಾ ಟ್ಯಾಕ್ಸ್ ರಿಟರ್ನ್ ಫಾರಂ 540, ವೀಸಾ ಮಂಜೂರಾತಿ ಪತ್ರ ಐ-797 ಎಲ್ಲ ಒಯ್ದು ಕೊಟ್ಟೆ. ಸರಿ ಆಯ್ತು, ಆದ್ರೆ ಅಷ್ಟರಲ್ಲಿ ನನಗೆ ಬೇಕಾದ ಕ್ಲಾಸ್ ತುಂಬಿ ಹೋಗಿತ್ತು. ಆ ಕಾಗದಗಳನ್ನ ಅರ್ಜಿಗೆ ಮುಂಚೆನೇ ಒಂದು ಫೈಲಿಗೆ ಹಾಕಿಟ್ಕೋ. ಲೈಟ್ ಬಿಲ್ಲೋ ಬಾಡಿಗೆ ಕರಾರೋ ಒಂದರಲ್ಲಾದ್ರೂ ನಿನ್ನ ಹೆಸರು ಇರೋ ಹಾಗೆ ನೋಡ್ಕೋ. ನಮ್ಮಲ್ಲಿ ಎಲ್ಲವೂ ಯಜಮಾನರ ಹೆಸರಲ್ಲೇ ಇರುತ್ತೆ.

ಅರ್ಜಿ ಕಳಿಸಿದ ಮೇಲೆ ಒಂದು ವಾರ ದಿನಾ ಸ್ಪ್ಯಾಮ್ ಫೋಲ್ಡರ್ ನೋಡು. ಸುಳ್ಳು ಹೆಸರಲ್ಲಿ ಅರ್ಜಿ ಹಾಕಿ ಸಹಾಯಧನ ಹೊಡೆಯೋರು ಹೆಚ್ಚಾಗಿ, ಈಗ ಕಾಲೇಜುಗಳು ಗುರುತು ಖಾತ್ರಿ ಕೇಳ್ತಿವೆ. ಆ ಮೇಲ್ ನೋಡದೆ ಬಿಟ್ರೆ ಅರ್ಜಿ ಅಲ್ಲೇ ನಿಲ್ಲುತ್ತೆ.

ಮಾರ್ಕ್ಸ್ ಕಾರ್ಡ್ ವಿಷಯ. ಪ್ರೀಸ್ಕೂಲ್ ಕೋರ್ಸ್ ಮಾತ್ರ ಆದ್ರೆ ಈಗಲೇ ಡಬ್ಲ್ಯೂಇಎಸ್‌ಗೆ (ಹೊರದೇಶದ ಡಿಗ್ರಿ ಮೌಲ್ಯಮಾಪನ ಮಾಡೋ ಸಂಸ್ಥೆ) ದುಡ್ಡು ಕಟ್ಟಬೇಡ. ಮೊದಲು ಕೌನ್ಸೆಲರ್ ಹತ್ರ ಕೂತು ಕೇಳು. ಅಕೌಂಟಿಂಗ್, ಮುಂದೆ ಸಿಪಿಎ (ನಮ್ಮ ಸಿಎ ಥರ) ಅಂತಿದ್ರೆ ಮಾತ್ರ ಬಿ.ಕಾಂ. ಮೌಲ್ಯಮಾಪನ ಬೇಕಾಗುತ್ತೆ, ಅದೂ ಕೋರ್ಸ್‌ವಾರು. ಅದಕ್ಕೆ ಶಂಕರಘಟ್ಟದ ನಿಮ್ಮ ವಿಶ್ವವಿದ್ಯಾಲಯದಿಂದ ಮುಚ್ಚಿದ ಲಕೋಟೆಯಲ್ಲಿ ಟ್ರಾನ್ಸ್‌ಕ್ರಿಪ್ಟ್ ಹೊರಡಬೇಕು. ಅಣ್ಣನೋ ತಮ್ಮನೋ ಎರಡು ಸಲ ಓಡಾಡಬೇಕು. ತಿಂಗಳುಗಳ ಕೆಲಸ.

ತೀರ್ಥಹಳ್ಳಿ ಹುಡುಗಿ:

ಅಕ್ಕ, ಎಷ್ಟು ಬಿಡಿಸಿ ಹೇಳಿದ್ರಿ! ನಾನೂ ಕಳೆದ ವರ್ಷ ಆರು ವಾರ ಊರಿಗೆ ಹೋಗಿದ್ದೆ, ನಿಮ್ಮ ಹಾಗೇ "ಇಲ್ಲ" ಅಂತ ಒತ್ತಿಬಿಡ್ತಿದ್ದೆ. ಕರೆಂಟ್ ಬಿಲ್ಲಿಗೆ ನನ್ನ ಹೆಸರು ಸೇರಿಸೋಕೆ ಇವತ್ತೇ ಇವರಿಗೆ ಹೇಳ್ತೀನಿ. ಪರೀಕ್ಷೆ ಇಲ್ಲ ಅಂದ್ರಲ್ಲ, ಹಾಗಾದ್ರೆ ನನ್ನ ಇಂಗ್ಲಿಷ್ ಯಾವ ಮಟ್ಟದ್ದು ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ?

ಹಳೇ ಮೇಷ್ಟ್ರು:

ಈ ಪ್ರಶ್ನೆಗೆ ನಾನು ಉತ್ತರ ಕೊಡಬಹುದು ಅನ್ನಿಸುತ್ತದೆ. ಊರಲ್ಲಿ ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದವನು. ಇಲ್ಲಿಗೆ ಬಂದ ಮೇಲೆ ಒಂದು ಕಮ್ಯುನಿಟಿ ಕಾಲೇಜಿನ ರೈಟಿಂಗ್ ಸೆಂಟರ್‌ನಲ್ಲಿ ಆರು ವರ್ಷ ಟ್ಯೂಟರ್ ಆಗಿದ್ದೆ.

ಮೊದಲು ಇಲ್ಲಿ ಪ್ಲೇಸ್‌ಮೆಂಟ್ ಪರೀಕ್ಷೆ ಇತ್ತು. ಕಡಿಮೆ ಅಂಕ ಬಂದವರು ಎರಡು ಮೂರು ಹಂತ ಕೆಳಗಿನ ಕ್ಲಾಸುಗಳಿಂದ ಹತ್ತಿ ಬರಬೇಕಾಗಿತ್ತು. ಆ ಮೆಟ್ಟಿಲಲ್ಲೇ ಎಷ್ಟೋ ಜನ ಓದು ಬಿಟ್ಟರು. 2017ರಲ್ಲಿ ಎಬಿ 705 ಎಂಬ ಕಾನೂನು ಬಂತು. ಈಗ ಹೈಸ್ಕೂಲಿನ ಗ್ರೇಡ್ ನೋಡುತ್ತಾರೆ. ಹೊರದೇಶದಲ್ಲಿ ಓದಿದವರಿಗೆ, ಓದು ಬಿಟ್ಟು ಬಹಳ ವರ್ಷ ಆದವರಿಗೆ ಗೈಡೆಡ್ ಸೆಲ್ಫ್ ಪ್ಲೇಸ್‌ಮೆಂಟ್ ಅಂತ ಒಂದು ಪ್ರಶ್ನಾವಳಿ ಕೊಡುತ್ತಾರೆ. ಯಾವ ಕ್ಲಾಸಿಗೆ ಕೂರಬೇಕು ಎಂದು ನೀವೇ ನಿಮ್ಮನ್ನು ಅಳೆದುಕೊಂಡು ತೀರ್ಮಾನಿಸಬೇಕು. ನಮ್ಮ ಹೆಣ್ಣುಮಕ್ಕಳು ಇಲ್ಲಿ ತಮ್ಮನ್ನು ತಾವು ತುಂಬ ಕೆಳಗೆ ಇಟ್ಟುಕೊಳ್ಳುವುದನ್ನು ಕಂಡಿದ್ದೇನೆ. ಹಾಗೆ ಮಾಡಬೇಡಿ. ಇಎಸ್‌ಎಲ್ (ಇಂಗ್ಲಿಷ್ ಮಾತೃಭಾಷೆಯಲ್ಲದವರ ಇಂಗ್ಲಿಷ್ ಕ್ಲಾಸು) ಬೇಕೆನಿಸಿದರೆ ಖಂಡಿತ ತೆಗೆದುಕೊಳ್ಳಿ, ನಾನ್‌ಕ್ರೆಡಿಟ್, ಅಂದರೆ ಯೂನಿಟ್ ಸಿಗದ ಕ್ಲಾಸು, ಆದರೆ ಶುಲ್ಕವೂ ಇಲ್ಲ. ಆದರೆ ಭಯಕ್ಕೆ ಎರಡು ವರ್ಷ ಅಲ್ಲೇ ಕೂರಬೇಡಿ.

ಕಾಲೇಜು ಮಟ್ಟದ ಮೊದಲ ಇಂಗ್ಲಿಷ್ ಕ್ಲಾಸಿಗೆ 2025ರಿಂದ ಇಡೀ ರಾಜ್ಯದಲ್ಲಿ ಒಂದೇ ಹೆಸರು, ಇಂಗ್ಲಿಷ್ ಸಿ1000. ಅದರಲ್ಲಿ ನಮ್ಮವರು ತೊಡರುವುದು ವ್ಯಾಕರಣಕ್ಕಲ್ಲ. ನಾವು ಪ್ರಬಂಧ ಬರೆಯಲು ಕಲಿತ ರೀತಿಗೆ.

ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ನೆನಪಿದೆಯಲ್ಲ? ಪೀಠಿಕೆಯಲ್ಲಿ "ಇಂದಿನ ಆಧುನಿಕ ಯುಗದಲ್ಲಿ ಶಿಕ್ಷಣಕ್ಕೆ ಮಹತ್ವದ ಸ್ಥಾನವಿದೆ" ಎಂದು ಬರೆದರೆ ನಮ್ಮ ಮೇಷ್ಟ್ರು ಟಿಕ್ ಹಾಕುತ್ತಿದ್ದರು. ನಾನೂ ಎಷ್ಟೋ ಸಾವಿರ ಟಿಕ್ ಹಾಕಿದ್ದೇನೆ. ಇಲ್ಲಿ ಒಬ್ಬ ಹುಡುಗಿ, ನಮ್ಮ ಕಡೆಯವಳೇ, ಅಂಥದೇ ವಾಕ್ಯದಿಂದ ಶುರುಮಾಡಿದ ಪ್ರಬಂಧ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಳು. ಅಂಚಿನಲ್ಲಿ ಪ್ರೊಫೆಸರ್ ಎರಡೇ ಮಾತು ಬರೆದಿದ್ದರು: "ಯಾರು ಹೇಳಿದ್ದು?" ಅವಳಿಗೆ ಅದು ಬೈಗುಳದ ಹಾಗೆ ಕಂಡಿತ್ತು. ಪ್ರೊಫೆಸರ್ ನಿಜವಾಗಿಯೂ ಕೇಳಿದ್ದು: ಇದು ನಿನ್ನ ಅಭಿಪ್ರಾಯವೇ, ನೀನು ಓದಿದ ಲೇಖಕರದ್ದೇ, ಆಧಾರ ಯಾವುದು?

ಇಲ್ಲಿ ಯಾರೂ ಅಲ್ಲಗಳೆಯದ ಮಾತಿಗೆ ಬೆಲೆ ಇಲ್ಲ. ಒಬ್ಬರಾದರೂ "ಇಲ್ಲ, ನಾನು ಒಪ್ಪುವುದಿಲ್ಲ" ಎನ್ನಬಹುದಾದ ಮಾತು ಬೇಕು. ಅದಕ್ಕೆ ಥೀಸಿಸ್ ಎನ್ನುತ್ತಾರೆ. ಅದನ್ನು ಮೊದಲ ಪ್ಯಾರಾದಲ್ಲೇ ಇಟ್ಟು, ಮುಂದಿನ ಪ್ರತಿ ಪ್ಯಾರಾದಲ್ಲಿ ಒಂದೊಂದು ಕಾರಣ, ಒಂದೊಂದು ಆಧಾರ ಕೊಡಬೇಕು. ಇನ್ನೊಬ್ಬರ ವಾಕ್ಯ ಎತ್ತಿಕೊಂಡರೆ ಅವರ ಹೆಸರು ಹೇಳಲೇಬೇಕು. ಗೈಡ್ ಬಾಯಿಪಾಠ ಮಾಡಿ ಬರೆದರೆ ನಮ್ಮಲ್ಲಿ ಒಳ್ಳೆಯ ವಿದ್ಯಾರ್ಥಿ, ಇಲ್ಲಿ ಅದು ಕಳವು. ಇದನ್ನು ಮೊದಲ ವಾರವೇ ಮನಸ್ಸಿಗೆ ತಂದುಕೊಳ್ಳಿ, ಏಕೆಂದರೆ ಗೊತ್ತಿಲ್ಲದೆ ಮಾಡಿದ ತಪ್ಪಿಗೂ ಶಿಕ್ಷೆ ಇದೆ.

ಟರ್ಮಿಗೆ ಇನ್ನೂ ಎಂಟು ಹತ್ತು ವಾರ ಇದ್ದರೆ ಒಂದು ಕೆಲಸ ಮಾಡಿ. ದಿನಕ್ಕೊಂದು ಪತ್ರಿಕಾ ಅಂಕಣ ಓದಿ. ಮೊಬೈಲಿನಲ್ಲಿ ಬೇಡ, ಲೈಬ್ರರಿಗೆ ಹೋಗಿ ಕಾಗದದ ಮೇಲೆ ಓದಿ. ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು ಮೂರೇ ವಾಕ್ಯ ಬರೆಯಿರಿ. ಲೇಖಕರು ಏನು ವಾದಿಸುತ್ತಿದ್ದಾರೆ, ಅದಕ್ಕೆ ಏನು ಆಧಾರ ಕೊಟ್ಟಿದ್ದಾರೆ, ನಾನು ಎಲ್ಲಿ ಒಪ್ಪುವುದಿಲ್ಲ. ಮೂರನೆಯ ವಾಕ್ಯ ಮೊದಲ ಹದಿನೈದು ದಿನ ಬರುವುದೇ ಇಲ್ಲ. ಅಚ್ಚಾದದ್ದನ್ನು ಒಪ್ಪದಿರಲು ನಮಗೆ ಯಾರೂ ಕಲಿಸಿಲ್ಲ. ಬಿಡದೆ ಬರೆಯಿರಿ. ಬೇಕಾದರೆ ಇಲ್ಲಿ ಹಾಕಿ, ನಾನು ನೋಡುತ್ತೇನೆ.

ಹುಬ್ಬಳ್ಳಿ ಅಕ್ಕ (ಡಾಲಸ್):

ನಮಸ್ಕಾರ್ರೀ ಎಲ್ಲಾರಿಗೂ. ನಮ್ಮ ಟೆಕ್ಸಸ್ ಕಡೆ ಪದ್ಧತಿ ಬ್ಯಾರೆ ಐತಿ, ಓದೋರಿಗೆ ಗೊಂದಲ ಆಗಬಾರ್ದಂತ ಬರೀಲಿಕತ್ತೀನಿ. ಇಲ್ಲೆ ಕಾಲೇಜ್ ಮಟ್ಟದ ಕ್ಲಾಸಿಗೆ ತಯಾರ್ ಇದ್ದೀರೇನಂತ ನೋಡಾಕ ಟಿಎಸ್‌ಐಎ2 ಅಂತ ಪರೀಕ್ಷೆ ಐತಿ. ಗಣಿತ ಒಂದು, ಓದೂದು ಬರಿಯೂದು ಕೂಡಿ ಒಂದು. ಟೈಮ್ ಲಿಮಿಟ್ ಇಲ್ಲ, ಸಾವಕಾಶ ಮಾಡಬಹುದು. ಪರೀಕ್ಷೆಕಿಂತ ಮೊದಲ ಒಂದು ಪ್ರೀ-ಅಸೆಸ್‌ಮೆಂಟ್ ಆಕ್ಟಿವಿಟಿ ಮುಗಸಬೇಕ್ರಿ, ಅದು ಆಗದ ಕೂಡಸಂಗಿಲ್ಲ. ಪ್ರಾಕ್ಟೀಸ್ ಟೆಸ್ಟ್ ಪುಕ್ಕಟೆ ಸಿಗತಾವ, ಎರಡು ಸಲ ಮಾಡಿ ಹೋಗ್ರಿ. ಎಲ್ಲಾರಿಗೂ ಈ ಪರೀಕ್ಷೆ ಬೇಕಂತಿಲ್ಲ, ಎಸ್‌ಎಟಿ ಅಂಕ ಇದ್ದೋರಿಗೆ ವಿನಾಯಿತಿ ಸಿಗತೈತಿ. ನಿಮಗ ಬೇಕೋ ಬ್ಯಾಡೋ ಅಂತ ಕಾಲೇಜಿನ್ಯಾಗ ಕೇಳಿಕೊಂಡ ಮ್ಯಾಲೆ ತಯಾರಿ ಮಾಡ್ರಿ.

ಗಣಿತದ ಬಗ್ಗೆ ನಂದೊಂದು ಮಾತು. ನಾ ಪಿಯುಸಿ ಸೈನ್ಸ್ ಮಾಡಿದಾಕಿ, ಲಾಗ್ ಟೇಬಲ್ ಹಿಡಕೊಂಡು ಲೆಕ್ಕ ಮಾಡಿದಾಕಿ. ಗಣಿತ ನನಗ ಸಲೀಸು ಅಂತ ಸ್ಟ್ಯಾಟಿಸ್ಟಿಕ್ಸ್ ತಗೊಂಡೆ. ಮೊದಲನೇ ಕ್ವಿಜ್‌ನ್ಯಾಗ ಪಿ-ವ್ಯಾಲ್ಯೂ ಸರಿಯಾಗೇ ತೆಗದಿದ್ದೆ, 0.03. ಹತ್ತಕ್ಕ ನಾಕು ಕೊಟ್ರು. ಕೆಳಗ ಬರದಿದ್ರು, "ಇದರ ಅರ್ಥ ಏನು, ಒಂದು ವಾಕ್ಯದಾಗ ಹೇಳು" ಅಂತ. ಲೆಕ್ಕ ಕ್ಯಾಲ್ಕ್ಯುಲೇಟರ್ ಮಾಡತೈತಿ, ನೀವು ಅದನ್ನ ಮಾತಿನ್ಯಾಗ ಹೇಳಬೇಕು. ಅದಕ್ಕ ಮೊದಲ ಓಪನ್‌ಸ್ಟ್ಯಾಕ್ಸ್ ಅಂತ ರೈಸ್ ಯೂನಿವರ್ಸಿಟಿಯವರ ಪುಸ್ತಕ ಪುಕ್ಕಟೆ ಸಿಗತಾವ, ಮೊದಲ ಎರಡು ಅಧ್ಯಾಯ ಓದ್ರಿ. ಖಾನ್ ಅಕಾಡೆಮಿ ವಿಡಿಯೋ ನೋಡಿ ಸುಮ್ನ ಕೂಡಬ್ಯಾಡ್ರಿ. ನೋಡಿದ ಮ್ಯಾಲೆ ಮುಚ್ಚಿ, ಹಾಳಿ ಮ್ಯಾಲೆ ನೀವ ಮಾಡ್ರಿ. ಭಿನ್ನರಾಶಿ, ಶೇಕಡಾ, ಬೀಜಗಣಿತದ ಸರಳ ಸಮೀಕರಣ ಇಷ್ಟು ಕೈಗೆ ಬಂದ್ರ ಭಾಳ ಹಗುರ ಆಗತೈತಿ.

ಇಬ್ಬರು ಮಕ್ಕಳ ಅಪ್ಪ (ಸ್ಯಾನ್ ಹೋಸೆ):

ತೀರ್ಥಹಳ್ಳಿಯವರೇ, ನಿಮ್ಮ ಚರ್ಚೆಯಲ್ಲಿ ನನ್ನದೂ ಒಂದು ಪ್ರಶ್ನೆ ಸೇರಿಸುತ್ತಿದ್ದೇನೆ, ಕ್ಷಮಿಸಿ. ದೊಡ್ಡ ಮಗ 12ನೇ ತರಗತಿ. ಅವನು ಬಯಸಿದ ಯಾವ ಯುಸಿಯಲ್ಲೂ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಸಿಗಲಿಲ್ಲ. ಸಿಕ್ಕಿದ್ದು ಹೊರರಾಜ್ಯದ ಒಂದು ವಿಶ್ವವಿದ್ಯಾಲಯ, ವರ್ಷದ ಖರ್ಚು ನಮ್ಮ ಕೈಗೆ ನಿಲುಕದ್ದು. ಅವನೇ ಬಂದು "ಅಪ್ಪಾ, ಡಿ ಆಂಜಾಗೆ ಹೋಗಿ ಆಮೇಲೆ ಯುಸಿಗೆ ಟ್ರಾನ್ಸ್‌ಫರ್ ಆಗ್ತೀನಿ" ಅಂದ. ಮನೆಯಾಕೆಗೆ ಮನಸ್ಸಿಲ್ಲ. ಕನ್ನಡ ಕೂಟದ ಕಾರ್ಯಕ್ರಮದಲ್ಲಿ ಎಲ್ಲರೂ ಮಗ ಎಲ್ಲಿ ಸೇರಿದ ಅಂತ ಕೇಳಿದರೆ ಏನು ಹೇಳೋದು ಅಂತ ಎರಡು ರಾತ್ರಿ ನಿದ್ದೆ ಮಾಡಿಲ್ಲ. ನಮಗೆ ಗ್ರೀನ್ ಕಾರ್ಡ್ ಇದೆ. ಈ ದಾರಿ ನಿಜವಾಗಿಯೂ ನಡೆಯುತ್ತದೆಯೇ?

ಟ್ರಾನ್ಸ್‌ಫರ್ ಆದವಳು (ಡೇವಿಸ್):

ಅಂಕಲ್, ನಾನು ಅದೇ ದಾರಿಯಲ್ಲಿ ಬಂದವಳು. ಡಿ ಆಂಜಾದಲ್ಲಿ ಎರಡು ವರ್ಷ, ಆಮೇಲೆ ಯುಸಿ ಡೇವಿಸ್. ಆಂಟಿಗೆ ಒಂದು ಮಾತು ಹೇಳಿ. ನಮ್ಮೂರಲ್ಲಿ ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು, ನೇರ ಎರಡನೇ ವರ್ಷದ ಬಿಇಗೆ ಸೇರ್ತಾರಲ್ಲ, ಲ್ಯಾಟರಲ್ ಎಂಟ್ರಿ, ಇದೂ ಹಾಗೇ. ಡಿಗ್ರಿ ಸರ್ಟಿಫಿಕೇಟಲ್ಲಿ ಬರೋದು ಯುಸಿ ಹೆಸರೇ. ಮೊದಲ ಮ್ಯಾಕಿಂಟಾಷ್ ಕಂಪ್ಯೂಟರನ್ನ 1984ರ ಜನವರಿಯಲ್ಲಿ ಜನರ ಮುಂದೆ ಇಟ್ಟಿದ್ದು ಡಿ ಆಂಜಾದ ಫ್ಲಿಂಟ್ ಸೆಂಟರಲ್ಲಿ. ಸ್ಟೀವ್ ವೋಜ್ನಿಯಾಕ್ ಅಲ್ಲೇ ಓದಿದವರು. ನಟ ಟಾಮ್ ಹ್ಯಾಂಕ್ಸ್ ಹೇವರ್ಡ್‌ನ ಶಾಬೋ ಕಾಲೇಜಲ್ಲಿ ಓದಿದ್ದು.

ಈಗ ಕೆಲಸದ ಮಾತು. ಯುಸಿ ಟ್ಯಾಗ್ ಅಂತ ಇದೆ, ಅಂದ್ರೆ ಪ್ರವೇಶದ ಖಾತ್ರಿ. ಆರು ಕ್ಯಾಂಪಸ್ ಕೊಡುತ್ತವೆ: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೋ ಕೊಡೋಲ್ಲ, ಅಲ್ಲಿಗೆ ಸ್ಪರ್ಧೆಯಲ್ಲೇ ಹೋಗಬೇಕು. ಒಂದು ಕ್ಯಾಂಪಸ್‌ಗೆ ಮಾತ್ರ ಟ್ಯಾಗ್ ಹಾಕಬಹುದು, ಸೆಪ್ಟೆಂಬರ್ ತಿಂಗಳಲ್ಲಿ. ಆಮೇಲೆ ಮಾಮೂಲಿ ಯುಸಿ ಅರ್ಜಿಯನ್ನೂ ಹಾಕಲೇಬೇಕು. ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್ ಥರದ್ದಕ್ಕೆ ಕೆಲವು ಕಡೆ ಟ್ಯಾಗ್ ಸಿಗೋಲ್ಲ, ಮೊದಲೇ ನೋಡ್ಕೊಳ್ಳಿ. ಒಟ್ಟು 60 ಸೆಮಿಸ್ಟರ್ ಯೂನಿಟ್ ಬೇಕು, ಡಿ ಆಂಜಾ ಲೆಕ್ಕದಲ್ಲಿ 90. ಅದರಲ್ಲಿ ಎರಡು ಇಂಗ್ಲಿಷ್, ಒಂದು ಗಣಿತ ಇರಲೇಬೇಕು.

ಅಸಿಸ್ಟ್ ಡಾಟ್ ಆರ್ಗ್ ಅನ್ನೋ ಸೈಟಲ್ಲಿ ಇಲ್ಲಿನ ಯಾವ ಕ್ಲಾಸು ಅಲ್ಲಿನ ಯಾವ ಕ್ಲಾಸಿಗೆ ಸಮ ಅಂತ ಇದೆ. ನನ್ನ ತಪ್ಪು ಏನಂದ್ರೆ ಅದನ್ನ ಎರಡನೇ ವರ್ಷದಲ್ಲಿ ತೆಗೆದು ನೋಡಿದ್ದು. ಫ್ರೆಂಡ್ಸ್ ಹೇಳಿದ್ರು ಅಂತ ತಗೊಂಡ ಎರಡು ಕ್ಲಾಸ್ ನನ್ನ ಮೇಜರ್‌ಗೆ (ಮುಖ್ಯ ವಿಷಯ) ಬರಲಿಲ್ಲ, ಬೇಸಿಗೆ ಪೂರ್ತಿ ಕೂತು ತುಂಬಿಸಬೇಕಾಯ್ತು. ಅಂಕಲ್, ಅವನು ಮೊದಲ ಕ್ವಾರ್ಟರ್‌ಗೆ ಮುಂಚೆ ಅಸಿಸ್ಟ್ ಪುಟವನ್ನ ಪ್ರಿಂಟ್ ತೆಗೆದು ಕೌನ್ಸೆಲರ್ ಮುಂದೆ ಇಟ್ಟು ಎಜುಕೇಶನ್ ಪ್ಲಾನ್ ಮಾಡಿಸ್ಕೊಳ್ಳಲಿ. ಕ್ವಾರ್ಟರ್ 12 ವಾರ ಅಷ್ಟೇ. ನಾಲ್ಕನೇ ವಾರಕ್ಕೇ ಮಿಡ್‌ಟರ್ಮ್ ಬರುತ್ತೆ. ಹೈಸ್ಕೂಲ್ ಥರ ಅಮ್ಮ ಅಪ್ಪನಿಗೆ ಮೇಲ್ ಬರೋಲ್ಲ. ಕಷ್ಟ ಆದ್ರೆ ಡ್ರಾಪ್ ಮಾಡೋ ಕೊನೆ ದಿನಾಂಕ ಗೊತ್ತಿರಬೇಕು, ಅದು ದಾಟಿದ್ರೆ ಟ್ರಾನ್ಸ್‌ಕ್ರಿಪ್ಟಲ್ಲಿ ಡಬ್ಲ್ಯೂ (ಕ್ಲಾಸ್ ಬಿಟ್ಟ ಗುರುತು) ಶಾಶ್ವತ. ಗ್ರೀನ್ ಕಾರ್ಡ್ ಇರೋದ್ರಿಂದ ಎಫ್‌ಎಎಫ್‌ಎಸ್‌ಎ (ಸರ್ಕಾರಿ ಸಹಾಯಧನದ ಅರ್ಜಿ) ತುಂಬಿ, ಬರೋಲ್ಲ ಅಂತ ನೀವೇ ತೀರ್ಮಾನ ಮಾಡ್ಬೇಡಿ.

ಸನಿವೇಲ್ ಅಕ್ಕ:

ಇವಳು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಮಕ್ಕಳು ಎಚ್-4ನಲ್ಲಿ ಇರೋರು 21 ತುಂಬೋ ದಿನವನ್ನ ಕ್ಯಾಲೆಂಡರಲ್ಲಿ ಗುರುತು ಹಾಕಿ. ಅವತ್ತಿಗೆ ಎಚ್-4 ಮುಗಿಯುತ್ತೆ, ಎಫ್-1ಗೋ ಬೇರೆ ವೀಸಾಕ್ಕೋ ಬದಲಾಗಬೇಕು. ಟ್ರಾನ್ಸ್‌ಫರ್ ವರ್ಷದಲ್ಲೇ ಅದು ಬಂದ್ರೆ ಎರಡೂ ಕೆಲಸ ಒಟ್ಟಿಗೆ ತಲೆ ಮೇಲೆ ಬೀಳುತ್ತೆ. ಎಫ್‌ಎಎಫ್‌ಎಸ್‌ಎ ಸಹಾಯಧನವೂ ಎಚ್-4ನವರಿಗೆ ಸಿಗೋಲ್ಲ.

ಕುಡ್ಲದ ನರ್ಸ್:

ನರ್ಸಿಂಗ್ ಮಾತು ಬಂತಲ್ಲ, ಅದಕ್ಕೆ ಹೇಳ್ತಿದ್ದೇನೆ. ಕಾಲೇಜಿಗೆ ಸೇರ್ಲಿಕ್ಕೆ ಸುಲಭ ಉಂಟು, ನರ್ಸಿಂಗ್ ಪ್ರೋಗ್ರಾಮಿಗೆ ಸೇರ್ಲಿಕ್ಕೆ ಅಲ್ಲ ಮಾರಾಯ್ರೆ. ಮೊದಲು ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಮೂರೂ ಲ್ಯಾಬ್ ಸಮೇತ ಮುಗಿಸ್ಬೇಕು. ಆಮೇಲೆ ಟೀಸ್ ಅಂತ ನರ್ಸಿಂಗ್ ಪ್ರವೇಶ ಪರೀಕ್ಷೆ. ಅದರ ನಂತರ ಅರ್ಜಿ. ಕೆಲವು ಕಡೆ ಅಂಕ ನೋಡ್ತಾರೆ, ಕೆಲವು ಕಡೆ ಲಾಟರಿ. ಈ ಸೈನ್ಸ್ ಕ್ಲಾಸುಗಳಲ್ಲಿ ಸೀಟ್ ಸಿಗುವುದೇ ದೊಡ್ಡ ಯುದ್ಧ. ಅನಾಟಮಿಯನ್ನು ಬೇಸಿಗೆಯ ಆರು ವಾರದ ಕ್ಲಾಸಲ್ಲಿ ಮಾಡ್ಲಿಕ್ಕೆ ಹೋಗ್ಬೇಡಿ. ನಾನು ಮಾಡಿ ಸಿ ತೆಗೆದುಕೊಂಡು ಬಹಳ ಬೇಸರಪಟ್ಟೆ.

ಊರಲ್ಲಿ ನರ್ಸಿಂಗ್ ಮುಗಿಸಿ ಬಂದವರು ಪುನಃ ಮೊದಲಿಂದ ಓದಬೇಕಂತ ಇಲ್ಲ. ರಾಜ್ಯದ ನರ್ಸಿಂಗ್ ಬೋರ್ಡಿಗೆ ದಾಖಲೆ ಕಳಿಸಿ. ಎಲ್ಲಿ ಕೊರತೆ ಉಂಟು ಅಂತ ಅವರು ಬರೆದು ತಿಳಿಸ್ತಾರೆ, ಅಷ್ಟು ಮಾತ್ರ ಇಲ್ಲಿ ಮಾಡಿದ್ರೆ ಎನ್‌ಕ್ಲೆಕ್ಸ್ (ನರ್ಸ್ ಲೈಸೆನ್ಸ್ ಪರೀಕ್ಷೆ) ಬರೆಯಬಹುದು.

ದಾವಣಗೆರೆ ಚಿಕ್ಕಪ್ಪ:

ನನ್ನ ಅಣ್ಣನ ಮಗಳು ಈ ವರ್ಷ ಪಿಯುಸಿ ಮುಗಿಸ್ತಾಳೆ. ಊರಿಂದಲೇ ನೇರ ಕಮ್ಯುನಿಟಿ ಕಾಲೇಜಿಗೆ ಬರಬಹುದಾ? 46 ಡಾಲರ್ ಅಂದ್ರೆ ನಮ್ಮ ಇಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಸೀಟಿಗಿಂತ ಅಗ್ಗ ಅಂತ ಅಣ್ಣ ಲೆಕ್ಕ ಹಾಕ್ತಿದಾನೆ.

ಸನಿವೇಲ್ ಅಕ್ಕ:

ಸರ್, ಬರಬಹುದು, ಆದ್ರೆ ಆ ಲೆಕ್ಕ ಅಣ್ಣನವರಿಗೆ ದಯವಿಟ್ಟು ಬಿಡಿಸಿ ಹೇಳಿ. ಎಫ್-1ನಲ್ಲಿ ಬಂದವರು ಓದು ಮುಗಿಯೋ ತನಕ ನಾನ್‌ರೆಸಿಡೆಂಟೇ. 46ರ ಮೇಲೆ ಯೂನಿಟ್ಟಿಗೆ ನೂರಾರು ಡಾಲರ್ ಹೆಚ್ಚು, ಟರ್ಮಿಗೆ ಕನಿಷ್ಠ 12 ಯೂನಿಟ್ ತಗೊಳ್ಳಲೇಬೇಕು. ಮೇಲೆ ಆರೋಗ್ಯ ವಿಮೆ, ಬೇ ಏರಿಯಾ ಬಾಡಿಗೆ. ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು, ಮೊದಲ ವರ್ಷ ಹೊರಗೆ ಮಾಡೋ ಹಾಗಿಲ್ಲ. ಒಂದು ವರ್ಷದ ಖರ್ಚಿನಷ್ಟು ಹಣ ಬ್ಯಾಂಕಲ್ಲಿ ಇದೆ ಅಂತ ತೋರಿಸಿದ ಮೇಲೇ ಕಾಲೇಜು ಐ-20 (ಎಫ್-1 ವೀಸಾಕ್ಕೆ ಬೇಕಾದ ಪತ್ರ) ಕೊಡೋದು. ಅರ್ಜಿಯೂ ಇಂಟರ್‌ನ್ಯಾಷನಲ್ ಆಫೀಸಿನ ಮೂಲಕ ಬೇರೆಯಾಗಿ ಹೋಗುತ್ತೆ. ಇಷ್ಟಕ್ಕೂ ಮನೆಯಲ್ಲಿ ಶಕ್ತಿ ಇದ್ರೆ ಒಳ್ಳೇ ದಾರಿನೇ. ಸಾಲ ಮಾಡಿ ಬರೋದಾದ್ರೆ ಇನ್ನೊಂದು ವರ್ಷ ಯೋಚಿಸ್ಲಿ.

ತೀರ್ಥಹಳ್ಳಿ ಹುಡುಗಿ:

ಮೇಷ್ಟ್ರೇ, 20 ದಿನ ಆಯ್ತು. ದಿನಾ ಫ್ರೀಮಾಂಟ್ ಲೈಬ್ರರಿಗೆ ಹೋಗ್ತಿದೀನಿ. ನೀವು ಹೇಳಿದ ಹಾಗೇ ಮೂರನೇ ವಾಕ್ಯ ಬರ್ತಾನೇ ಇರಲಿಲ್ಲ, ನಿನ್ನೆ ಬಂತು. ಶಾಲೆಯಲ್ಲಿ ಫೋನ್ ಪೂರ್ತಿ ನಿಷೇಧಿಸಬೇಕು ಅನ್ನೋ ಲೇಖನ. ನಾನು ಬರೆದಿದ್ದು ಹೀಗೆ, ಕನ್ನಡದಲ್ಲಿ ಹೇಳ್ತೀನಿ: "ಫೋನ್ ತೆಗೆದರೆ ಮಕ್ಕಳ ಗಮನ ಹೆಚ್ಚುತ್ತದೆ ಎಂದು ಲೇಖಕಿ ವಾದಿಸುತ್ತಾರೆ. ಒಬ್ಬ ಶಿಕ್ಷಕರ ತರಗತಿಯ ಅನುಭವವನ್ನು ಆಧಾರವಾಗಿ ಕೊಡುತ್ತಾರೆ. ಆದರೆ ಮನೆಯಲ್ಲಿ ಇಂಗ್ಲಿಷ್ ಬಾರದ ತಾಯಿಗೆ ಶಾಲೆಯಿಂದ ಬರುವ ಮಾತನ್ನು ಅನುವಾದಿಸಿ ಹೇಳುವುದು ಮಗುವಿನ ಫೋನೇ, ಆ ತಾಯಿಯ ಬಗ್ಗೆ ಲೇಖಕಿ ಯೋಚಿಸಿಲ್ಲ."

ಹಳೇ ಮೇಷ್ಟ್ರು:

ಅಮ್ಮಾ, ಆ ಮೂರನೆಯ ವಾಕ್ಯವೇ ನಿಮ್ಮ ಥೀಸಿಸ್. "ಆ ತಾಯಿ" ಎಂದಿರಲ್ಲ, ಅವರು ಯಾರು, ಎಲ್ಲಿ ನೋಡಿದಿರಿ ಎಂದು ನಾಲ್ಕು ವಾಕ್ಯ ಬರೆದರೆ ಅದೇ ಎರಡನೆಯ ಪ್ಯಾರಾ. ನೀವು ಇಎಸ್‌ಎಲ್‌ಗೆ ಹೋಗುವುದು ಬೇಡ, ನೇರವಾಗಿ ಸಿ1000ಕ್ಕೆ ಕೂರಿ. ಆದರೆ ಅದರ ಜೊತೆ ನೀಡುವ ಹೆಚ್ಚುವರಿ ನೆರವಿನ ಕ್ಲಾಸ್ ಇದ್ದರೆ ಅದನ್ನೂ ಸೇರಿಸಿಕೊಳ್ಳಿ.

ಎಷ್ಟು ಯೂನಿಟ್ ತೆಗೆದುಕೊಳ್ಳಬೇಕು ಎಂದು ಆಮೇಲೆ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಸೆಮಿಸ್ಟರ್‌ನಲ್ಲಿ ಒಂದು ಯೂನಿಟ್ ಅಂದರೆ ವಾರಕ್ಕೆ ಮೂರು ಗಂಟೆ ಕೆಲಸ, ಕ್ಲಾಸಿನಲ್ಲಿ ಒಂದು, ಮನೆಯಲ್ಲಿ ಎರಡು. ಮೂರು ಯೂನಿಟ್ಟಿನ ಒಂದು ಕ್ಲಾಸಿಗೆ ವಾರಕ್ಕೆ ಒಂಬತ್ತು ಗಂಟೆ. ಇಂಗ್ಲಿಷಿನಲ್ಲಿ ನಿಧಾನವಾಗಿ ಓದುವವರಿಗೆ ಹನ್ನೆರಡು. ಮಗಳು ಶಾಲೆಯಲ್ಲಿರುವ ಗಂಟೆಗಳನ್ನು ಒಂದು ಹಾಳೆಯಲ್ಲಿ ಬರೆದು ನೋಡಿ. ಮೊದಲ ಸಲ ಎರಡು ಕ್ಲಾಸ್ ಸಾಕು.

ತೀರ್ಥಹಳ್ಳಿ ಹುಡುಗಿ:

ಎಲ್ಲರಿಗೂ ಮತ್ತೆ ನಮಸ್ಕಾರ. ಸೇರಿ ಆರು ವಾರ ಆಯ್ತು, ಹೇಳ್ಬೇಕು ಅನ್ನಿಸ್ತು. ರೆಸಿಡೆನ್ಸಿ ಒಂದೇ ಸಲಕ್ಕೆ ಆಯ್ತು ಅಕ್ಕ, ಕರೆಂಟ್ ಬಿಲ್ಲಿನಲ್ಲಿ ಹೆಸರು ಸೇರಿಸಿದ್ದು ಕೈ ಹಿಡೀತು. ಕೌನ್ಸೆಲರ್ ಹತ್ರ ಕೂತಾಗ ಗೊತ್ತಾಯ್ತು, ಪ್ರೀಸ್ಕೂಲಿನಲ್ಲಿ ಟೀಚರ್ ಆಗೋಕೆ ಚೈಲ್ಡ್ ಡೆವಲಪ್‌ಮೆಂಟಲ್ಲಿ 12 ಯೂನಿಟ್ ಬೇಕಂತೆ. ಅಂದ್ರೆ ನಾಲ್ಕು ಕ್ಲಾಸು, ಒಟ್ಟು 552 ಡಾಲರ್. 6 ಯೂನಿಟ್ ಆದ ಮೇಲೆ ಮುಂದಿನದ್ದು ಓದ್ತಾನೇ ಕೆಲಸ ಶುರು ಮಾಡಬಹುದು. ಬಿ.ಕಾಂ. ಮೌಲ್ಯಮಾಪನ ಸದ್ಯಕ್ಕೆ ಬೇಡ ಅಂದ್ರು.

ಇಂಗ್ಲಿಷ್ ಕ್ಲಾಸ್ ತುಂಬಿ ಹೋಗಿತ್ತು, ವೇಟ್‌ಲಿಸ್ಟಲ್ಲಿ ನಾಲ್ಕನೇ ನಂಬರ್. ಆದ್ರೂ ಮೊದಲ ದಿನ ಹೋಗಿ ಮುಂದಿನ ಬೆಂಚಲ್ಲೇ ಕೂತೆ. ಇಬ್ಬರು ಬರಲಿಲ್ಲ, ಇಬ್ಬರು ಬಿಟ್ರು. ಪ್ರೊಫೆಸರ್ ಕರೆದು ಕ್ಲಾಸಿಗೆ ಸೇರೋಕೆ ಆ್ಯಡ್ ಕೋಡ್ ಕೊಟ್ರು. ವೇಟ್‌ಲಿಸ್ಟ್ ಅಂತ ಮನೇಲೇ ಕೂತಿದ್ರೆ ಸಿಗ್ತಿರಲಿಲ್ಲ.

ಚೈಲ್ಡ್ ಡೆವಲಪ್‌ಮೆಂಟ್ ಕ್ಲಾಸಲ್ಲಿ ಮೊದಲ ಅಸೈನ್‌ಮೆಂಟ್ ಒಂದು ಮಗುವನ್ನ 20 ನಿಮಿಷ ನೋಡಿ ಬರೆಯೋದು. ಮರಳಲ್ಲಿ ಆಡ್ತಿದ್ದ ಒಂದು ಹುಡುಗನ್ನ ನೋಡಿ "ಮಗು ತುಂಬಾ ಖುಷಿಯಾಗಿತ್ತು" ಅಂತ ಬರೆದೆ. ಅದಕ್ಕೆ ಗೆರೆ ಎಳೆದು, "ನೀವು ಕಣ್ಣಾರೆ ಕಂಡದ್ದೇನು?" ಅಂತ ಕೇಳಿದ್ರು. ಮೇಷ್ಟ್ರ "ಯಾರು ಹೇಳಿದ್ದು" ನೆನಪಾಯ್ತು. ಮತ್ತೆ ಹೋಗಿ ನೋಡಿ ಬರೆದೆ: ಹುಡುಗ ಬಕೆಟ್ಟಿಗೆ ಮರಳು ತುಂಬಿದ, ಅಂಗೈಯಿಂದ ಮೂರು ಸಲ ತಟ್ಟಿದ, ಬಕೆಟ್ ಬೋರಲು ಹಾಕಿದ, ಎತ್ತುವಾಗ ಮರಳು ಕುಸಿಯಿತು, ಪಕ್ಕದವಳ ಮುಖ ನೋಡಿ ನಕ್ಕ. ಹತ್ತಕ್ಕೆ ಒಂಬತ್ತು ಬಂತು.

ಇಎಡಿ ಇನ್ನೂ ಬಂದಿಲ್ಲ.

ಹೊಸದಾಗಿ ಬಂದವಳು (ನ್ಯೂವಾರ್ಕ್, ಕ್ಯಾಲಿಫೋರ್ನಿಯಾ):

ಅಕ್ಕ, ಇದನ್ನೆಲ್ಲ ಈಗ ತಾನೇ ಮೇಲಿಂದ ಓದಿದೆ. ನಾನು ಚಿತ್ರದುರ್ಗದವಳು, ಬಂದು ಎಂಟು ತಿಂಗಳು. ನನಗೆ ಒಂದು ವರ್ಷ ಆಗೋಕೆ ಇನ್ನೂ ನಾಲ್ಕು ತಿಂಗಳಿದೆ. ಅಲ್ಲೀ ತನಕ ಕಾಯ್ಬೇಕಾ?

ತೀರ್ಥಹಳ್ಳಿ ಹುಡುಗಿ:

ಶುಲ್ಕ ಕಟ್ಟೋ ಕ್ಲಾಸಿಗೆ ಕಾಯಿ, ಓದಿಗೆ ಬೇಡ. ಲೈಬ್ರರಿ ಕಾರ್ಡು ಇವತ್ತೇ ಮಾಡಿಸ್ಕೋ, ಕರೆಂಟ್ ಬಿಲ್ಲಿಗೆ ಹೆಸರು ಸೇರಿಸು, ನಾನ್‌ಕ್ರೆಡಿಟ್ ಇಂಗ್ಲಿಷ್ ಕ್ಲಾಸಿಗೆ ಶುಲ್ಕ ಇಲ್ಲ, ಅದಕ್ಕೆ ಈಗಲೇ ಸೇರ್ಕೋ. ನಾನು ಮಂಗಳವಾರ, ಗುರುವಾರ ಮಗಳನ್ನ ಶಾಲೆಗೆ ಬಿಟ್ಟು ಒಂಬತ್ತಕ್ಕೆ ಫ್ರೀಮಾಂಟ್ ಲೈಬ್ರರಿಯಲ್ಲಿ ಇರ್ತೀನಿ. ನೋಟ್‌ಬುಕ್ ತಗೊಂಡು ಬಾ, ಇಬ್ಬರೂ ಕೂತು ಆ ಮೂರು ವಾಕ್ಯ ಬರೆಯೋಣ.